ಹಲಗೆಯ ಮೇಲೊಂದು ಕೆಂಗೇರಿ

ಮನೆಯೊಳಗೆ ಪುಟ್ಟ ರೈಲುಮಾರ್ಗ ಹಾಸುವುದು ಮಕ್ಕಳಾಟವೆಂದು ನಗುವವರು ಒಮ್ಮೆ ಅಳತೆಪಟ್ಟಿ ಹಿಡಿದು ನೋಡಬೇಕು! ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್.ಓ.’ ಪ್ರಮಾಣದಲ್ಲಿ ಎಲ್ಲವೂ ನಿಜದ 87ರಲ್ಲೊಂದು ಪಾಲು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್.

ರಾಜಾಜಿನಗರದ ನಮ್ಮ ಮಹಡಿಯ ಕೋಣೆಯಲ್ಲಿ ಕೆಂಗೇರಿ ನಿಲ್ದಾಣವನ್ನು ಕಟ್ಟಹೊರಟ ನನಗೆ ತೊಡಕಾದುದು ಇಲ್ಲಿಯೇ. ಈ ಅಂತರವು 1435 ಮಿಲಿಮೀಟರಿನ ಹಳಿಗೆ, ಅಂದರೆ ವಿಜಯನಗರದ ಮೇಲೆ ಸಾಗಿ 2021ರಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೋಗೆ, ಸರಿಹೊಂದುತ್ತದೆ. ಮೈಸೂರು ಮಾರ್ಗದ ಬ್ರಾಡ್‌ಗೇಜ್ 1676. ಅದಕ್ಕೆ 19ಕ್ಕೂ ಮಿಗಿಲು ಬೇಕು. ನನ್ನ ಮನಸ್ಸಿನಲ್ಲಿದ್ದುದು ಇವೆರಡೂ ಅಲ್ಲ. ಬಾಲ್ಯದಲ್ಲಿ ತಂದೆಯವರ ಕೈಹಿಡಿದು ಹತ್ತಿದ, ಹೊಗೆಯುಗುಳುವ ಮೀಟರ್‌ಗೇಜ್ ಬಂಡಿ! ಆ ಹಳಿ 1990ರ ದಶಕದಲ್ಲಿಯೇ ಮರೆಯಾಯಿತು. ಮೊಮ್ಮಗ ಅದನ್ನು ಕಂಡವನಲ್ಲ.

ಲೆಕ್ಕಕ್ಕೆ ಹನ್ನೊಂದೂವರೆ, ದೊರೆಯುವ ಹಳಿ 12. ಅಷ್ಟು ತಪ್ಪನ್ನು ನುಂಗಿಕೊಂಡು ಬಿದಿರಿನ ಸೀಳುಗಳನ್ನು ಸ್ಲೀಪರುಗಳಂತೆ ಹಾಸಿದೆ. ಎಂಜಿನ್ನು ಮೊದಲ ತಿರುವಿನಲ್ಲಿಯೇ ಮಗುಚಿತು. ತಿರುವನ್ನು ಹಿಗ್ಗಿಸಲೆಂದು ಮಂಚವನ್ನು ಹೊರಗೆ ಹಾಕಿದೆ. ಆಗ ಮನೆಯಾಕೆ ಆಡಿದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ.

ಬಂಡಿ ಓಡಿದ ಸಂಜೆ ಮೊಮ್ಮಗ ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು, “ತಾತ, ಮೈಸೂರು ಎಲ್ಲಿ?” ಎಂದ. ಗುಣಿಸಿ ನೋಡಿದೆ: ಈ ಪ್ರಮಾಣದಲ್ಲಿಯೂ ಸುಮಾರು ಒಂದೂವರೆ ಕಿಲೋಮೀಟರ್.

“ಬಿದಿರು ತರೋಣ ನಡಿ” ಎಂದ ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.