ಕುಲಪತಿ ತಯಾರಾಗುವುದು ವಿಭಾಗದಲ್ಲೇ

ಧಾರವಾಡದಲ್ಲಿ ಕುಲಪತಿ ಹುದ್ದೆ ಖಾಲಿಯಾದರೆ ಕುಂದಗೋಳದ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಲೆಕ್ಕಾಚಾರ ಶುರುವಾಗುತ್ತದೆ. ಯಾರ ಹೆಸರು ಮುಂದಿದೆ, ಯಾವ ಊರಿನವರು? ಶೋಧನಾ ಸಮಿತಿ ಪಟ್ಟಿ ಕೊಡುತ್ತದೆ, ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸುತ್ತಾರೆ. ಆದರೆ ಆ ಪಟ್ಟಿಗೆ ಏರುವಂಥವರು ತಯಾರಾಗುವುದು ಎಲ್ಲಿ? ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಕಾಡುವ ಪ್ರಶ್ನೆ ಅದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮಾತು ಬಂದರೆ ಡಿ.ಸಿ. ಪಾವಟೆಯವರ ಹೆಸರು ಬಾರದೆ ಇರದು. 1954ರಿಂದ 1967ರವರೆಗೆ ಅವರು ಕುಲಪತಿ. ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ ಬಂದವರು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಕಡತಗಳ ಒಳಹೊರಗು ತಿಳಿದವರು. ಕುರ್ಚಿ ಸಿಕ್ಕ ಮೇಲೆ ಆಡಳಿತ ಕಲಿಯುವ ಗೊಡವೆ ಅವರಿಗಿರಲಿಲ್ಲ. ಸಂಸ್ಥೆ ಕಟ್ಟಲು ಹದಿಮೂರು ವರ್ಷವೂ ಸಿಕ್ಕಿತು. ಈಗಿನ ಕುಲಪತಿಗೆ 2000ರ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಕೊಟ್ಟಿರುವುದು ನಾಲ್ಕು ವರ್ಷ. ಅದರಲ್ಲಿ ಕಲಿಯುವುದಕ್ಕೆ ಎಷ್ಟು, ಮಾಡುವುದಕ್ಕೆ ಎಷ್ಟು?

ಯೋಗ್ಯರನ್ನು ಗುರುತಿಸುವುದೂ ನಾಯಕತ್ವವೇ. ಶಾಲೆಯ ಓದು ಅರ್ಧಕ್ಕೇ ಬಿಟ್ಟಿದ್ದ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಇದೇ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಪದವಿಯ ಕಾಗದಕ್ಕಿಂತ ವಿದ್ಯೆ ದೊಡ್ಡದೆಂದು ಒಪ್ಪಲು ಆಡಳಿತಕ್ಕೆ ಧೈರ್ಯ ಬೇಕು.

ಸಾಮಾನ್ಯವಾಗಿ ಪ್ರಾಧ್ಯಾಪಕರು ಆಡಳಿತಕ್ಕೆ ಕೈ ಹಚ್ಚುವುದು ವಿಭಾಗದ ಅಧ್ಯಕ್ಷರಾದಾಗ. ಅದು ಸರದಿಯ ಮೇಲೆ ಬರುವ ಜವಾಬ್ದಾರಿ. ನಿನ್ನೆಯವರೆಗೆ ಶೇಕ್ಸ್‌ಪಿಯರ್ ಹೇಳುತ್ತಿದ್ದವರ ಟೇಬಲ್ಲಿಗೆ ಇಂದು ಅತಿಥಿ ಉಪನ್ಯಾಸಕರ ಬಿಲ್ಲು, ಪರೀಕ್ಷಕರ ಪಟ್ಟಿ, ಅಭ್ಯಾಸ ಮಂಡಳಿಯ ನಡಾವಳಿ ಒಟ್ಟಿಗೇ ಬರುತ್ತವೆ. ಪರಿಚಯದ ಪ್ರಾಧ್ಯಾಪಕರೊಬ್ಬರು ಒಮ್ಮೆ ಅಂದರು: “ಸರ್, ಎರಡು ವರ್ಷ ಹೆಂಗರ ದಾಟಿಸಿದ್ರ ಸಾಕ್ರಿ.” ದಾಟಿಸುವುದೇ ಗುರಿಯಾದರೆ ಹೊಸ ಪಠ್ಯಕ್ರಮ ಯಾರು ಯೋಚಿಸಬೇಕು? ತಾಲೂಕಿನ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಅರ್ಥವಾಗುವ ಪುಸ್ತಕ ಯಾರು ಬರೆಸಬೇಕು?

ತರಬೇತಿ ಇಲ್ಲವೆಂದಲ್ಲ. ಹಿರಿಯ ಪ್ರಾಧ್ಯಾಪಕರಿಗಾಗಿ ಕೇಂದ್ರ ಸರ್ಕಾರ ‘ಲೀಪ್’ ಎಂಬ ಮೂರು ವಾರಗಳ ಕಾರ್ಯಕ್ರಮ ನಡೆಸಿತು: ಎರಡು ವಾರ ದೇಶದಲ್ಲಿ, ಒಂದು ವಾರ ವಿದೇಶದಲ್ಲಿ. ಒಳ್ಳೆಯದೇ. ಆದರೆ ಬಜೆಟ್ ಓದುವುದು, ಸಿಟ್ಟಿಗೆದ್ದ ವಿದ್ಯಾರ್ಥಿಗಳೆದುರು ಕೂತು ಮಾತಾಡುವುದು, ತನಗಿಂತ ಜಾಣನಾದ ಕಿರಿಯನನ್ನು ಆಯ್ಕೆ ಸಮಿತಿಯಲ್ಲಿ ಎತ್ತಿಹಿಡಿಯುವುದು ಮೂರು ವಾರದಲ್ಲಿ ಮೈಗೂಡುವುದಿಲ್ಲ.

ಇವನ್ನು ವಿಭಾಗದಲ್ಲೇ ಕಲಿಸಲು ಹೆಚ್ಚಿನ ದುಡ್ಡೇನೂ ಬೇಡ. ಮುಂದಿನ ಸರದಿಯವರನ್ನು ಒಂದು ವರ್ಷ ಮೊದಲೇ ಅಧ್ಯಕ್ಷರ ಪಕ್ಕದಲ್ಲಿ ಕೂರಿಸಲಿ. ಅಭ್ಯಾಸ ಮಂಡಳಿಯ ಕರಡನ್ನು ಕಿರಿಯ ಅಧ್ಯಾಪಕರ ಕೈಲಿ ಬರೆಸಲಿ, ತಪ್ಪಿದರೆ ತಿದ್ದಲಿ. ಅಧಿಕಾರ ಬಿಡುವ ದಿನ ಅಧ್ಯಕ್ಷರು ಏನೇನು ಅರ್ಧಕ್ಕೆ ನಿಂತಿದೆ ಎಂದು ಬರೆದಿಟ್ಟು ಹೋಗಲಿ. ಹೀಗೆ ಹತ್ತು ವರ್ಷ ನಡೆದರೆ, ಶೋಧನಾ ಸಮಿತಿಗೆ ಯಾರನ್ನು ಆರಿಸಬೇಕೆಂಬುದೇ ಕಷ್ಟವಾಗುವಷ್ಟು ಯೋಗ್ಯರು ಸಿಗುತ್ತಾರೆ.