ಕೂತಲ್ಲೇ ಸಮತೋಲನ?

ಪಾದ ಇಟ್ಟು ಕೂರುವ ಕರೆಂಟ್ ಮ್ಯಾಟ್ ಈಗ ಎಷ್ಟೋ ಮನೆಗಳಲ್ಲಿ ಟಿ.ವಿ. ಮುಂದೆ ಬಿದ್ದಿರುತ್ತದೆ. ಬಟನ್ ಒತ್ತಿದರೆ ಅಂಗಾಲು ಜುಮ್ಮೆನ್ನುತ್ತದೆ, ಮೀನಖಂಡ ಅದುರುತ್ತದೆ. ‘ದಿನಾ ಅರ್ಧ ಗಂಟೆ ಕಾಲಿಟ್ಟುಕೊಂಡು ಧಾರಾವಾಹಿ ನೋಡಿ, ಪಾದ ಗಟ್ಟಿಯಾಗುತ್ತೆ, ವಯಸ್ಸಾದವರು ಬೀಳೋದೇ ಇಲ್ಲ’ ಎನ್ನುತ್ತಾರೆ ಮಾರುವವರು. ಪಾದ ಗಟ್ಟಿಯಾಗುವ ಮಾತಿನಲ್ಲಿ ಒಂದಿಷ್ಟಾದರೂ ಹುರುಳಿದೆ. ಬೀಳುವುದಿಲ್ಲ ಎಂಬ ಭರವಸೆ ಕೇಳಿದರೆ ಮೈ ಉರಿಯುತ್ತದೆ.

ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ತೊಡೆಯ ಸ್ನಾಯು ಸೊರಗಿದವರಿಗೆ ಫಿಸಿಯೋಥೆರಪಿಯವರು ಕರೆಂಟ್ ಕೊಡುವುದು ಸುಮ್ಮನಲ್ಲ. ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರಿಗಾಗಿ ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲೇ ಒಂದು ಸಾಧನವನ್ನು ವರದಿ ಮಾಡಿದ್ದರು: ಹಿಮ್ಮಡಿ ನೆಲ ಬಿಟ್ಟೊಡನೆ ನರಕ್ಕೆ ಕರೆಂಟ್ ಹೋಗಿ ಪಾದ ಮೇಲೇಳುತ್ತದೆ. ಅಲ್ಲಿ ರೋಗಿ ನಡೆಯುತ್ತಿರುತ್ತಾನೆ ಎಂಬುದನ್ನು ಮರೆಯಬೇಡಿ. ಹೆಬ್ಬೆರಳಿನ ಸ್ನಾಯುವಿನ ಮೇಲೆ ಸರಿಯಾದ ಜಾಗದಲ್ಲಿ ಪ್ಯಾಡ್ ಅಂಟಿಸಿದಾಗ ಪಾದದ ಕಮಾನು ತುಸು ಮೇಲೆದ್ದದ್ದನ್ನು ಕಂಡ ಸಣ್ಣ ಅಧ್ಯಯನಗಳೂ ಇವೆ. ಮ್ಯಾಟಿಗೆ ಅಂಥ ಗುರಿ ಎಲ್ಲಿಂದ ಬರಬೇಕು?

ಇನ್ನು ಸಮತೋಲನ. ಬಚ್ಚಲಿನಲ್ಲಿ ಕಾಲು ಜಾರಿದಾಗ ಕಣ್ಣು, ಒಳಕಿವಿ, ಅಂಗಾಲು, ಕೀಲುಗಳಿಂದ ಬಂದ ಸುದ್ದಿಯನ್ನೆಲ್ಲ ಕೂಡಿಸಿ, ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ನರಮಂಡಲ ಕಣ್ಣುಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸಬೇಕು. ಸೋಫಾದಲ್ಲಿ ಕೂತಾಗ ತೀರ್ಮಾನಿಸುವುದಕ್ಕೆ ಏನೂ ಇರುವುದಿಲ್ಲ. ನಾವಾಗಿ ಸ್ನಾಯು ಬಿಗಿದರೆ ಬೇಗ ದಣಿಯದ ಎಳೆಗಳು ಮೊದಲು ಕೆಲಸಕ್ಕಿಳಿಯುತ್ತವೆ, ಬಲ ಸಾಲದಾದಂತೆ ಉಳಿದವು ಸೇರಿಕೊಳ್ಳುತ್ತವೆ. ಹೊರಗಿನ ಕರೆಂಟಿಗೆ ಆ ವಿವೇಚನೆಯಿಲ್ಲ; ಕೈಗೆ ಸಿಕ್ಕ ಎಳೆಗಳನ್ನೇ ಒಟ್ಟಿಗೆ, ಮತ್ತೆ ಮತ್ತೆ ದುಡಿಸುತ್ತದೆ. ಸ್ನಾಯು ಬೇಗ ಸೋಲುವುದು ಅದಕ್ಕೇ. ಕೆರೆ ದಡದಲ್ಲಿ ಕೂತವನ ಕೈಕಾಲನ್ನು ಬೇರೆಯವರು ಆಡಿಸಿದರೆ ಅವನಿಗೆ ಈಜು ಬಂದೀತೇ?

ಬೀಳುವುದನ್ನು ಕಡಿಮೆ ಮಾಡುವುದು ಎದ್ದು ನಿಂತು ಮಾಡುವ ವ್ಯಾಯಾಮ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2019ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವ ಪ್ರಮಾಣ ಶೇ. 23ರಷ್ಟು ಇಳಿದಿತ್ತು. ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಇಂಥವು.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಜುಮ್ಮೆಂದಷ್ಟೂ ಲಾಭವೇನಿಲ್ಲ, ಸ್ನಾಯು ಮಿಸುಕದೆಯೂ ಚರ್ಮ ಜುಮ್ಮೆನ್ನುತ್ತದೆ. ಬೊಜ್ಜು ಕರಗುವುದಿಲ್ಲ, ಹೊಟ್ಟೆಗೆ ಕಟ್ಟುವ ಕರೆಂಟ್ ಬೆಲ್ಟುಗಳ ಸುಳ್ಳು ಜಾಹೀರಾತಿನ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2002ರಲ್ಲೇ ದೂರು ಹೂಡಿತ್ತು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಈ ಮ್ಯಾಟೇ ಮದ್ದು ಎನ್ನುವವರಂತೂ ಅಪಾಯಕಾರಿಗಳು, ಅಂಥ ಪಾದದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇದ್ದವರು ಇದರ ಹತ್ತಿರ ಸುಳಿಯಬಾರದು.

ಪ್ಲಗ್ ಇರುವ ವಸ್ತುವಿನ ಮೇಲೆ ನಮಗೆ ಅದೆಂಥ ಭಕ್ತಿಯೋ! ಕರೆಂಟ್ ಕೊಡದೆ ಬರೀ ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ‘ಏನೂ ಮಾಡಲೇ ಇಲ್ಲ’ ಎನಿಸಿಕೊಳ್ಳುತ್ತಾರೆ. ಅವರು ಬರೆದುಕೊಟ್ಟ ಚೀಟಿ ಫ್ರಿಜ್ ಮೇಲೆ ಧೂಳು ತಿನ್ನುತ್ತದೆ. ಹಬ್ಬಕ್ಕೆ ಅಮ್ಮನಿಗೆ ಮ್ಯಾಟ್ ಆರ್ಡರ್ ಮಾಡಿದ ಮಗನಿಗೆ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸುವ ಯೋಚನೆ ಮಾತ್ರ ಬಂದಿರುವುದಿಲ್ಲ.