ಹಾರಿಸದೆ ಹಿಡಿದ ಹಕ್ಕಿ

ಒಡಿಶಾದ ಚಿಲಿಕಾ ಸರೋವರದ ಉತ್ತರದ ಅಂಚಿನಲ್ಲಿ ಮಂಗಳಾಜೋಡಿ ಎಂಬ ಊರಿದೆ. ಊರಿನ ಪಕ್ಕದಲ್ಲೇ ವಿಶಾಲವಾದ ಜೌಗು. ನೀರು ಆಳವಿಲ್ಲ, ಎಲ್ಲೆಲ್ಲೂ ಕೆಸರು, ನಡುನಡುವೆ ಎತ್ತರದ ಜೊಂಡುಹುಲ್ಲು. ಚಳಿಗಾಲ ಬಂತೆಂದರೆ ಸೈಬೀರಿಯಾ, ಮಧ್ಯ ಏಷ್ಯಾಗಳಿಂದ ಸಾವಿರಾರು ಹಕ್ಕಿಗಳು ಇಲ್ಲಿಗೆ ಬಂದಿಳಿಯುತ್ತವೆ. ಅವುಗಳ ಚಿತ್ರ ತೆಗೆಯಬೇಕೆಂದರೆ ಪುಟ್ಟ ಮರದ ದೋಣಿ ಏರಬೇಕು. ಮೋಟಾರಿನ ಸದ್ದಿಲ್ಲ. ಅಂಬಿಗ ಉದ್ದನೆಯ ಬಿದಿರಗಳುವನ್ನು ಕೆಸರಿಗೆ ಊರಿ ತಳ್ಳಿದರೆ ದೋಣಿ ಮೆಲ್ಲಗೆ ಜಾರುತ್ತದೆ.

ಈ ಅಂಬಿಗರ ಕತೆಯೂ ಸೋಜಿಗದ್ದೇ. ಒಂದು ಕಾಲಕ್ಕೆ ಈ ಊರಿನ ಅನೇಕರು ಹಕ್ಕಿಗಳನ್ನು ಬೇಟೆಯಾಡಿ, ಮಾಂಸ ಮಾರಿ ಸಂಸಾರ ಸಾಗಿಸುತ್ತಿದ್ದರು. 2000ದಲ್ಲಿ ಊರಿನವರೇ ಹಕ್ಕಿಗಳ ರಕ್ಷಣೆಗೆ ಸಮಿತಿ ಕಟ್ಟಿಕೊಂಡರು. ಬೇಟೆಗಾರರೇ ಕಾವಲುಗಾರರಾದರು. ಹಕ್ಕಿ ಎಲ್ಲಿ ಮೇಯುತ್ತದೆ, ಎಷ್ಟು ಹತ್ತಿರ ಹೋದರೆ ಬೆದರುತ್ತದೆ ಎಂಬ ಅವರ ಹಳೆಯ ವಿದ್ಯೆ ಈಗ ಕ್ಯಾಮೆರಾ ಹಿಡಿದು ಬರುವವರಿಗೆ ದಾರಿ ತೋರಿಸುತ್ತಿದೆ.

ಕೊಕ್ಕಿಗೆ ತಕ್ಕ ಊಟ

ದೋಣಿಯಿಂದ ನೋಡಿದರೆ ಒಂದೇ ಕೆಸರಿನಲ್ಲಿ ಹಲವು ಬಗೆಯ ಹಕ್ಕಿಗಳು ಜಗಳವಿಲ್ಲದೆ ಉಣ್ಣುವುದು ಕಾಣುತ್ತದೆ. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ತುಸು ಆಳದ ನೀರಿಗೂ ಇಳಿಯುತ್ತದೆ. ಗಾಡ್ವಿಟ್ ಎಂಬ ಕಪ್ಪುಬಾಲದ ಹಿನ್ನೀರ ಗೊರವ ತನ್ನ ನೀಳ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಚುಚ್ಚುತ್ತದೆ. ಅದರ ಕೊಕ್ಕಿನ ತುದಿ ಸೂಕ್ಷ್ಮ. ಕಣ್ಣಿಗೆ ಕಾಣದ ಹುಳುವನ್ನು ಮುಟ್ಟಿಯೇ ಗುರುತಿಸುತ್ತದೆ. ಗಿಡ್ಡ ಕೊಕ್ಕಿನ ಪ್ಲೋವರ್ ಹಾಗಲ್ಲ. ನಾಲ್ಕು ಹೆಜ್ಜೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ದೊಡ್ಡ ಕಣ್ಣಿನಿಂದ ನೋಡಿ ಮೇಲಿರುವುದನ್ನು ಹೆಕ್ಕುತ್ತದೆ.

ಕುಳಿತೇ ತೆಗೆಯಿರಿ

ಪುಟ್ಟ ದೋಣಿಯ ದೊಡ್ಡ ಲಾಭವೆಂದರೆ ಎತ್ತರ ಕಡಿಮೆ. ಕ್ಯಾಮೆರಾ ದೋಣಿಯ ಅಂಚಿನ ಮಟ್ಟಕ್ಕಿದ್ದರೆ ಹಕ್ಕಿಯ ಕಣ್ಣಿಗೆ ಕಣ್ಣು ಸಮವಾಗುತ್ತದೆ. ಎದ್ದು ನಿಂತರೆ ದೋಣಿಯೂ ಓಲಾಡುತ್ತದೆ, ಹಕ್ಕಿಯೂ ಬೆದರುತ್ತದೆ. ಬಟ್ಟೆಚೀಲಕ್ಕೆ ಒಂದೆರಡು ಸೇರು ಅವರೆಕಾಳು ತುಂಬಿ ಅಂಚಿನ ಮೇಲಿಟ್ಟು, ಅದರ ಮೇಲೆ ಲೆನ್ಸ್ ಇಟ್ಟರೆ ಕೈ ನಡುಗದು. ನೀರಿನ ಮೇಲೆ ದೋಣಿ ಸದಾ ಅಲುಗುವುದರಿಂದ, ನಿಂತ ಹಕ್ಕಿಗೂ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದಷ್ಟಿರಲಿ. ಫೋಕಸ್ ಹಕ್ಕಿಯ ಕಣ್ಣಿನ ಮೇಲಿರಲಿ. ಬೆಳಗಿನ ಎಳೆಬಿಸಿಲು ನಿಮ್ಮ ಬೆನ್ನಿಗಿರಲಿ.

ನೇರವಾಗಿ ಹಕ್ಕಿಯತ್ತ ನುಗ್ಗಬಾರದು. ಓರೆಯಾಗಿ ಸಾಗಿ, ನಿಂತು, ಕಾಯಬೇಕು. ಎಷ್ಟೋ ಸಲ ಹಕ್ಕಿಯೇ ಮೇಯುತ್ತ ಮೇಯುತ್ತ ಹತ್ತಿರಕ್ಕೆ ಬರುತ್ತದೆ.

ಹಾರಿದರೆ ಯಾರಿಗೆ ನಷ್ಟ?

ಗುಂಪು ಒಮ್ಮೆಲೇ ಮೇಲೆದ್ದರೆ ಚಿತ್ರವೇನೋ ಚೆಂದ. ಅದಕ್ಕೆಂದೇ ಚಪ್ಪಾಳೆ ತಟ್ಟುವವರೂ ಇದ್ದಾರೆ. ಆದರೆ ಆ ಹಕ್ಕಿಗಳು ವಸಂತದಲ್ಲಿ ಸಾವಿರಾರು ಕಿಲೋಮೀಟರ್ ಹಿಂದಿರುಗಬೇಕು. ಆ ದೂರಕ್ಕೆ ಬೇಕಾದ ಬುತ್ತಿಯನ್ನು ಈ ಕೆಸರಿನಲ್ಲೇ ತಿಂದು, ಕೊಬ್ಬಾಗಿ ಮೈಯಲ್ಲಿ ಕೂಡಿಡಬೇಕು. ನಾವು ಒಮ್ಮೆ ಹಾರಿಸಿದರೆ ಊಟವೂ ನಿಂತಿತು, ಕೂಡಿಟ್ಟದ್ದೂ ಕರಗಿತು. ದಿನಕ್ಕೆ ಹತ್ತು ದೋಣಿ ಬಂದು ಹತ್ತು ಸಲ ಹಾರಿಸಿದರೆ?

ಹಕ್ಕಿ ಬಾಯಿಬಿಟ್ಟು ಹೇಳದಿದ್ದರೂ ಸೂಚನೆ ಕೊಡುತ್ತದೆ. ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತು ಎಂದರೆ ದೋಣಿ ನಿಲ್ಲಲಿ. ಕೂಗುತ್ತ ದೂರ ನಡೆಯತೊಡಗಿದರೆ ಹಿಂದೆ ಸರಿಯಿರಿ.

ಮಕ್ಕಳೇ, ಇದನ್ನು ಕಲಿಯಲು ಚಿಲಿಕಾದವರೆಗೆ ಹೋಗಬೇಕಿಲ್ಲ. ಕುಮಟಾದ ಹತ್ತಿರ ಅಘನಾಶಿನಿ ಸಮುದ್ರ ಸೇರುವಲ್ಲಿಯೂ ಚಳಿಗಾಲದಲ್ಲಿ ಇಂಥ ಹಕ್ಕಿಗಳು ಬರುತ್ತವೆ. ಮೆಟ್ಟುಗಾಲು ಹಕ್ಕಿಯಂತೂ ನಮ್ಮ ಎಷ್ಟೋ ಊರುಗಳ ಕೆರೆಯಂಚಿನಲ್ಲೇ ಸಿಗುತ್ತದೆ. ರಜೆಯ ಬೆಳಗ್ಗೆ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ ಏರಿಯ ಮೇಲೆ ಸದ್ದಿಲ್ಲದೆ ಕುಳಿತುಕೊಳ್ಳಿ. ಕ್ಯಾಮೆರಾ ಇಲ್ಲದಿದ್ದರೆ ಪುಸ್ತಕ, ಪೆನ್ಸಿಲ್ ಸಾಕು. ನೀವು ಎದ್ದು ಬಂದ ಮೇಲೂ ಹಕ್ಕಿ ಅಲ್ಲೇ ಮೇಯುತ್ತಿದ್ದರೆ, ನೀವು ಚೆನ್ನಾಗಿ ನೋಡಿದ್ದೀರಿ ಎಂದೇ ಅರ್ಥ.